ಎರಡು ಮಷಿನುಗಳ ನಡುವಿನ ಭಾಗಣ್ಣ

ಭಾಗಣ್ಣ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದ. ಎಡಗಾಲಿನ ಹೆಬ್ಬೆರಳು ಎಂದೋ ಕಲ್ಲಿನಡಿ ಜಜ್ಜಿಹೋಗಿದ್ದರಿಂದ ಅವನದು ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ; ಶಹಾಬಾದಿನ ನಮ್ಮ ಫರಸಿ ಕಲ್ಲಿನ ಕಾರ್ಖಾನೆಯ ಗದ್ದಲದಲ್ಲೂ ಆ ಸಪ್ಪಳ ಬೇರೆಯಾಗಿ ಕೇಳಿಸುತ್ತಿತ್ತು. ನೆಲ ಕಾದ ಹಂಚಾಗುವ ಬೇಸಿಗೆಯಲ್ಲೂ ಮೈಮೇಲೆ ಖಾಕಿ ಕೋಟು, ಅದರ ಕಿಸೆಯಲ್ಲಿ ಸೀಮೆಸುಣ್ಣದ ತುಂಡು.

"ಇಂಥಾ ಧಗಿಯಾಗ ಕೋಟ್ಯಾಕೋ ಭಾಗಣ್ಣಾ?" ಎಂದು ನಾನು ಕೇಳಿದರೆ, "ಮತ್ತ ಕಿಸೆ ಎಲ್ಲಿ ಇಡ್ಲಿ ಯಕ್ಕಾ?" ಎನ್ನುತ್ತಿದ್ದ.

ಅಲ್ಲಿದ್ದದ್ದು ಎರಡೇ ಮುದಿ ಮಷಿನು. ಕಲ್ಲು ಕೊಯ್ಯುವುದಕ್ಕೆ ಬ್ಲೇಡಿನ ಕಾಯಿಲೆ, ಪಾಲಿಶ್ ಮಾಡುವುದಕ್ಕೆ ಬೆಲ್ಟಿನ ಕಾಯಿಲೆ. ಯಾವುದು ಯಾವಾಗ ಮುನಿಸಿಕೊಂಡೀತೋ ಬಲ್ಲವರಿಲ್ಲ. ಕೊಯ್ದ ಫರಸಿಗಳನ್ನು ನಡುವಿನ ಗೋಡೆಗೆ ಸಾಲಾಗಿ ಒರಗಿಸುವುದು, ಆ ಸಾಲಿನಿಂದ ತೆಗೆದು ಪಾಲಿಶಿಗೆ ಕೊಡುವುದು, ಇಷ್ಟೇ ಭಾಗಣ್ಣನ ಉದ್ಯೋಗ. ಪಾಲಿಶಾದ ಕಲ್ಲು ತೊಳೆಯುತ್ತ ನಾನು ಹನ್ನೊಂದು ವರ್ಷ ಅವನೆದುರಿಗೇ ಕುಳಿತವಳು. ಗೋಡೆಯ ನಟ್ಟನಡುವೆ, ನೆಲದ ಮೇಲೆ ಅವನದೊಂದು ಸೀಮೆಸುಣ್ಣದ ಗೆರೆ. ಸಾಲಿನ ತುದಿ ಆ ಗೆರೆಯ ಆಸುಪಾಸಿನಲ್ಲೇ ಇರಬೇಕು, ಉಳಿದರ್ಧ ಜಾಗ ಬರಿದಾಗಿ ಬಿದ್ದಿರಬೇಕು. ನೀರು ಹರಿದು ಗೆರೆ ಅಳಿಸಿದರೆ, ಮರುದಿನ ಬೆಳಿಗ್ಗೆ ಮತ್ತೆ ಬಗ್ಗಿ ಎಳೆಯುವನು.

ಮಾಲಕಿ ರಶೀದಾಬೇಗಂ ಹೊಸದಾಗಿ ಇಟ್ಟುಕೊಂಡ ಸೂಪರ್‌ವೈಜರ್ ಬೀರೇಶನಿಗೆ ಅದು ಕಣ್ಣಿಗೆ ಚುಚ್ಚಿತು.

"ಕಲ್ಲೂ ಸುಮ್ಮ ನಿಂತಾವ, ಮುದುಕನೂ ಸುಮ್ಮ ನಿಂತಾನ. ಕೊಯ್ದದ್ದು ಸೀದಾ ಪಾಲಿಶಿಗೆ ಹೋಗ್ಲಿ ಬಿಡ್ರಿ ಮೇಡಂ."

ಸಾಲು ಕರಗಿತು. ಇನ್ನು ಹದಿನೈದು ದಿನ ಬಾ, ಆಮೇಲೆ ಬರಬೇಡವೆಂದು ಭಾಗಣ್ಣನಿಗೂ ಹೇಳಿದರು. ಅರವತ್ತೆರಡರ ಕುಂಟನಿಗೆ ಬೇರೆ ಯಾರು ಕೆಲಸ ಕೊಟ್ಟಾರು? ಅವನು ಜಗಳಾಡಲಿಲ್ಲ; ಗೇಟಿನ ಬಳಿ ಕುಳಿತು ಒಡೆದ ಚೂರುಗಳನ್ನು ಆರಿಸತೊಡಗಿದ.

ಆ ದಿನಗಳಲ್ಲಿ ಬ್ಲೇಡು ಸಿಕ್ಕಿಕೊಂಡರೆ ಪಾಲಿಶಿನವನು ಬೀಡಿ ಹಚ್ಚಿದ, ಬೆಲ್ಟು ಹರಿದರೆ ಕೊಯ್ಯುವವನು ಕೈಕಟ್ಟಿ ಕೂತ. ಮಷಿನುಗಳು ಕೆಟ್ಟದ್ದು ಹಿಂದಿನಷ್ಟೇ. ಆದರೆ ಈಗ ಒಂದು ಮಲಗಿದರೆ ಜೊತೆಗೆ ಇನ್ನೊಂದೂ ಮಲಗುತ್ತಿತ್ತು. ಮೂರು ಗಾಡಿ ತುಂಬುವಲ್ಲಿ ಎರಡಕ್ಕೇ ತತ್ವಾರ. ಹದಿಮೂರನೆಯ ದಿನ ರಶೀದಾಬೇಗಂ ತಾವೇ ಗೇಟಿಗೆ ಬಂದರು. "ಭಾಗಣ್ಣಾ, ನಿನ್ನ ಸಾಲು ಮತ್ತ ಹಚ್ಚಿ ನೋಡು."

ಆದರೆ ಬೀರೇಶ ಅವಸರದವನು. ತಪ್ಪು ತಿದ್ದುವ ಹುರುಪಿನಲ್ಲಿ ಮರುದಿನವಿಡೀ ಕೊಯ್ಯಿಸಿ, ಗೆರೆ ದಾಟಿಸಿ, ಬಾಗಿಲವರೆಗೆ ಗೋಡೆಯುದ್ದ ಕಲ್ಲು ತುಂಬಿಸಿಬಿಟ್ಟ. ಅದರ ಮರುದಿನ ಬೆಳಿಗ್ಗೆ ಭಾಗಣ್ಣ ಅರ್ಧ ಕಲ್ಲುಗಳನ್ನು ಒಂದೊಂದಾಗಿ ಅಂಗಳಕ್ಕೆ ಸಾಗಿಸತೊಡಗಿದ.

"ಇದೇನ್ ಮಾಡಾಕತ್ತೀಯೋ ಯಜಮಾನಾ? ಹುಚ್ಚು ಹಿಡೀತೇನು?" ಎಂದ ಬೀರೇಶ.

"ಪಾಲಿಶ್ ಮಷಿನ್ ಮಲಗಿದ್ರ, ಕೊಯ್ದದ್ದು ನಿನ್ನ ತಲಿ ಮ್ಯಾಲ ಇಡ್ಲೇನೋ ತಮ್ಮಾ?"

ಎಲ್ಲರೂ ನಕ್ಕರು. ಊಟ ಮುಗಿಸಿ ಏಳುವಷ್ಟರಲ್ಲಿ ಬೆಲ್ಟು ಹರಿಯಿತು. ಪಕ್ಕದ ವಾಡಿಯಿಂದ ಹೊಸದು ಬರುವವರೆಗೆ ಕೊಯ್ಯುವ ಮಷಿನು ನಿಲ್ಲಲಿಲ್ಲ. ಕೊಯ್ದದ್ದೆಲ್ಲ ಆ ಬರಿದಾದ ಜಾಗದಲ್ಲಿ ಬಂದು ನಿಂತಿತು. ಬೀರೇಶ ಭಾಗಣ್ಣನ ಕೋಟಿನ ಸೀಮೆಸುಣ್ಣದ ಕಿಸೆಯ ಕಡೆ ಕೈ ಚಾಚಿದ. "ಖಡು ಕೊಡ್ರಿ ಕಾಕಾ. ಗೆರಿ ಅಳಿಸ್ಯಾದ." ಬರಬೇಡವೆಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮನೆಯಲ್ಲೂ ಅವನು ಹೀಗೇ ಎಂದು ಹೆಂಡತಿ ಯಂಕಮ್ಮ ಬೈಯುವಳು: "ಸೊಸಿ ಅಂದದ್ದು ನನಗ ಮೂರು ದಿನಾ ಬಿಟ್ಟು ಹೇಳ್ತಾನ್ರಿ. ಅಷ್ಟೊತ್ತಿಗೆ ಜಗಳಾಡ್ಲಿಕ್ಕ ನನ್ನ ಸಿಟ್ಟೇ ಇರಂಗಿಲ್ಲ!"

ಇಂಥವರು ಕಲ್ಲನ್ನು ಕೊಯ್ದವರೂ ಅಲ್ಲ, ಅದಕ್ಕೆ ಹೊಳಪು ಕೊಟ್ಟವರೂ ಅಲ್ಲ. ಎರಡು ಸ್ವಭಾವಗಳ ನಡುವೆ ನಿಂತು, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ಕೈಚಾಚುವ ತನಕ ತಮ್ಮ ಬಳಿ ಇರಿಸಿಕೊಳ್ಳುವವರು. ಅದಕ್ಕಾಗಿ ತಮ್ಮೊಳಗೆ ಅಷ್ಟು ಜಾಗವನ್ನು ಸದಾ ಬರಿದು ಮಾಡಿಕೊಂಡಿರುತ್ತಾರೆ. ನೋಡಿದವರ ಕಣ್ಣಿಗೆ ಮಾತ್ರ ಸುಮ್ಮನೆ ನಿಂತಂತೆ ಕಾಣುತ್ತಾರೆ.