ಟೀಚರುಗಳ ಕಕ್ಕಸಿನ ಚಿಲಕ

"ತೊಳೆಯೋಳು ನೀನೇ, ಸರಿ. ಹಾಗಂತ ನಿನ್ನ ಮಗಳ ಅಂಡನ್ನೂ ಇಲ್ಲೇ ಕೂರಿಸ್ತೀಯೇನೆ?"

ಹೆಡ್ ಮೇಡಂ ಹೀಗೆ ಕೇಳುವಾಗ ನಾನು ಟೀಚರುಗಳ ಕಮೋಡನ್ನು ಉಜ್ಜುತ್ತಿದ್ದೆ. ಇಡೀ ಶಾಲೆಯಲ್ಲಿ ಕೂರಲು ಬರುವ, ಒಳಗೆ ಚಿಲಕವಿರುವ ಕಕ್ಕಸು ಅದೊಂದೇ.

"ಅವಳು ಎಲ್ಲರ ಹಾಗೆ ಹೋಗಲ್ಲ ಮೇಡಂ. ಕೊಳವೆ ಹಾಕಿ ತೆಗೀಬೇಕು. ಚೊಕ್ಕಟ ಜಾಗ ಬೇಕು."

"ಮಕ್ಕಳದ್ದಿಲ್ವಾ?"

"ಅಲ್ಲಿ ನಲ್ಲಿನೇ ಇಲ್ಲ. ನೀವೊಂದ್ಸಲ ಹೋಗಿ ಬನ್ನಿ, ಆಮೇಲೆ ಊಟ ಸೇರಿದ್ರೆ ಹೇಳಿ."

"ಬಾಯಿ ಜಾಸ್ತಿ ಆಯ್ತು ನಿಂದು, ಮುಂಡೆ. ದೊಡ್ಡದೂ ಹಿಂಗೇ ನಾತ ಎಬ್ಬಿಸ್ತಿತ್ತು. ಈಗ ಇದು ಶುರು."

ನಾನು ಬ್ರಷ್ಷನ್ನು ಇನ್ನೂ ಒತ್ತಿ ಉಜ್ಜಿದೆ.

ನನ್ನ ಎರಡೂ ಹೆಣ್ಣುಮಕ್ಕಳು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದವರು. ಉಚ್ಚೆ ತುಂಬಿದ್ದು ಅವರಿಗೆ ಗೊತ್ತಾಗುವುದಿಲ್ಲ. ಮೂರು ಗಂಟೆಗೊಮ್ಮೆ ಕೊಳವೆಯಿಂದ ಖಾಲಿ ಮಾಡಬೇಕು. ದೊಡ್ಡವಳಿಗೆ ನಾನೇ ಮಾಡುತ್ತಿದ್ದೆ. ಪಾಪ, ಮಗು ಎಂದು ಕಲಿಸಲೇ ಇಲ್ಲ. ಬೆಲ್ಲು ಹೊಡೆದರೆ ಮಕ್ಕಳ ಕಕ್ಕಸಿನ ಮೂಲೆಯಲ್ಲಿ ನಿಂತು ಕರೆಯುತ್ತಿದ್ದಳು: "ಅಮ್ಮಾ, ಬಂದ್ಯಾ?" ಮೇಡಂ ನನ್ನನ್ನು ತಮ್ಮ ಮನೆಯ ಪಾತ್ರೆ ತಿಕ್ಕಲು ಕಳಿಸಿದ ದಿನಗಳಲ್ಲಿ ಸಂಜೆವರೆಗೂ ಅಲ್ಲೇ ನಿಂತಿರುತ್ತಿದ್ದಳು. ಉಚ್ಚೆ ಕಟ್ಟಿ ಕಟ್ಟಿ ಕಿಡ್ನಿ ಎರಡೂ ಕೆಟ್ಟವು. ಎಂಟು ವರ್ಷ ತುಂಬುವ ಮೊದಲೇ ಮಣ್ಣು ಮಾಡಿದೆವು. ಆ ಮೂಲೆ ತೊಳೆಯುವಾಗ ಅವಳ ಆ ಕೂಗು ಈಗಲೂ ಕೇಳಿಸುತ್ತದೆ.

ಚಿಕ್ಕವಳಿಗೆ ಈಗ ಎಂಟು. "ನಿನ್ನ ಕೈ ಮೇಲೆ ನೀನೇ ಕೂತ್ಕೋ, ಇಲ್ದಿದ್ರೆ ಅವಳು ಕಲಿಯಲ್ಲ," ಎಂದಿದ್ದರು ಆಸ್ಪತ್ರೆಯ ನರ್ಸಮ್ಮ. ಹಾಗೇ ಮಾಡಿದೆ. ಅಂಗೈ ಎರಡೂ ತೊಡೆಯಡಿ ಜೋಮು ಹಿಡಿಯುತ್ತಿದ್ದವು. ಸೋಪಿನಲ್ಲಿ ಕೈ ತೊಳೆಯುವುದು, ಕೊಳವೆಗೆ ಮುಲಾಮು ಹಚ್ಚುವುದು, ಕೈಗನ್ನಡಿ ಹಿಡಿದು ಕೊಳವೆ ಹೋಗುವ ಜಾಗ ಹುಡುಕುವುದು, ಎಲ್ಲ ಅವಳೇ.

"ನೀನು ಆ ಕಡೆ ತಿರುಗು. ನೋಡಿದ್ರೆ ಅದಕ್ಕೆ ನಾಚ್ಕೆ ಆಗುತ್ತೆ, ಬರಲ್ಲ," ಎನ್ನುತ್ತಿದ್ದಳು.

ಕನ್ನಡಿ ಇಲ್ಲದೆ ಮಾತ್ರ ಅವಳಿಗೆ ಒಮ್ಮೆಯೂ ಆಗಿರಲಿಲ್ಲ.

ಹನ್ನೊಂದರ ಬೆಲ್ಲು ಹೊಡೆಯಿತು.

"ಬ್ರಷ್ ಬಿಡು, ನಮ್ಮನೆಗೆ ನಡಿ. ನೆಂಟರು ಬರ್ತಿದಾರೆ," ಎಂದರು ಮೇಡಂ.

ನಾನು ಬಕೆಟ್ಟು ಎತ್ತಿಕೊಂಡು ಬಾಗಿಲಾಚೆ ಬರುವಷ್ಟರಲ್ಲಿ ಚಿಕ್ಕವಳು ಕುತ್ತಿಗೆಗೆ ಕೊಳವೆಯ ಚೀಲ ನೇತುಹಾಕಿಕೊಂಡು, ಊರುಗೋಲು ಊರುತ್ತ ಬಂದಳು. ನಮ್ಮಿಬ್ಬರ ನಡುವೆಯೇ ನುಗ್ಗಿ ಒಳಗೆ ಹೋದಳು. ಚಿಲಕ ಬಿತ್ತು.

"ಬಾಗ್ಲು ತೆಗಿಸೇ. ಕೆಲಸ ಬೇಕೋ ಬೇಡ್ವೋ ನಿಂಗೆ?"

ನಾನು ಬಾಗಿಲಿಗೆ ಬೆನ್ನು ಕೊಟ್ಟು ಹಸಿ ನೆಲದ ಮೇಲೆ ಕೂತೆ. ಕೈ ತೊಡೆಯಡಿ ಇಟ್ಟುಕೊಂಡೆ.

"ಅವಳದ್ದಾಗ್ಲಿ ಮೇಡಂ."

ಮೇಡಂ ಬಕೆಟ್ಟು ಒದ್ದರು. ಫಿನಾಯಿಲ್ ನೀರು ನನ್ನ ಮಡಿಲಿಗೆ ಬಂತು. "ನಾಳೆಯಿಂದ ತಾಯಿ ಮಗಳು ಇಬ್ಬರೂ ಈ ಕಡೆ ತಲೆ ಹಾಕ್ಬೇಡಿ," ಎಂದು ಬಾಗಿಲಿಗೆ ಗುದ್ದಿದರು.

ಒಳಗೆ ಕನ್ನಡಿ ಬಿದ್ದು ಒಡೆಯಿತು. ತೊಡೆಯಡಿ ನನ್ನ ಬೆರಳುಗಳು ತಾವಾಗಿಯೇ ಮಿಸುಕಿದವು.

"ಅಮ್ಮಾ, ಬರ್ಬೇಡ," ಎಂದಳು ಒಳಗಿಂದ. "ಮುಟ್ಟಿ ನೋಡ್ತೀನಿ."

ಮೇಡಂ ಗುದ್ದುವುದನ್ನು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ ಕಮೋಡಿನೊಳಗೆ ಸಣ್ಣ ಧಾರೆಯ ಸದ್ದು ಕೇಳಿಸಿತು.

ಅದು ನಿಲ್ಲುವ ಮೊದಲೇ, ಅಂಗಳದಾಚೆ ಮಕ್ಕಳ ಕಕ್ಕಸಿನ ಮೂಲೆಯಿಂದ ದೊಡ್ಡವಳು ಕರೆದಳು.

"ಅಮ್ಮಾ, ಬಂದ್ಯಾ?"

ನಾನು ಕೈಗಳ ಮೇಲೆ ಇನ್ನಷ್ಟು ಭಾರ ಹಾಕಿ ಕೂತೆ.