ಮೈನಸ್ ಎರಡರ ಕುಲ್ಫಿ

ಬಾಬಾಜಾನನ ಕುಲ್ಫಿಯ ತಂಪಿಗೆ ಒಮ್ಮೆ ಸವಣೂರಿನ ಸೂರ್ಯನಿಗೇ ನೆಗಡಿಯಾಗಿತ್ತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬಸ್ ಸ್ಟ್ಯಾಂಡಿನ ಮುಂದೆ ಆತ ಗಡಿಗೆಯ ಮುಚ್ಚಳ ತೆಗೆದದ್ದೇ ತಡ, ಮೇಲೆ ಸೂರ್ಯ ಮೂರು ಸಲ ಸೀನಿದ. ಶಿಗ್ಗಾವಿಯ ತನಕ ಮೋಡ ಕವಿಯಿತು. ಹಿರೇಕೆರೂರಿನ ಬಸ್ಸಿನಲ್ಲಿ ಕೂತವರು ಕಿಟಕಿ ಹಾಕಿಕೊಂಡು ಸ್ವೆಟರ್ ಹುಡುಕಿದರು. ಇದು ಸುಳ್ಳು ಎಂದು ಯಾರಾದರೂ ಅಂದರೆ ಬಾಬಾಜಾನ ಸಿಟ್ಟಾಗುತ್ತಿರಲಿಲ್ಲ. "ನೀವು ಅವತ್ತ ಇರಲಿಲ್ಲ ಬಿಡ್ರಿ," ಎಂದು ಕನಿಕರದಿಂದ ನೋಡುತ್ತಿದ್ದ, ಅಷ್ಟೆ.

ಅವನ ಗಾಡಿಯ ಮೇಲೆ ಕೆಂಪು ಅರಿವೆ ಸುತ್ತಿದ ದೊಡ್ಡ ಗಡಿಗೆ. ಅದರೊಳಗೆ ಐಸು, ಐಸಿನೊಳಗೆ ಬಾಯಿಗೆ ಕಣಕ ಮೆತ್ತಿದ ತಗಡಿನ ಡಬ್ಬಿಗಳು. ಗಿರಾಕಿ ಬಂದರೆ ಬಾಬಾಜಾನ ಗಡಿಗೆಯನ್ನು ಗರಗರ ತಿರುವಿ, ಒಂದು ಮುಷ್ಟಿ ಉಪ್ಪನ್ನು ಮೇಲೆತ್ತಿ, ಹೂವಿನ ಹಾಗೆ ಉದುರಿಸಿ, ಆಮೇಲೆ ಡಬ್ಬಿ ತೆಗೆಯುತ್ತಿದ್ದ. "ಒಂದ ಮುಷ್ಟಿ ಉಪ್ಪು, ಉಳಿದದ್ದು ಕೈಗುಣ. ಇದು ನವಾಬರ ಅಡಿಗಿಮನಿ ಗುಟ್ಟು," ಎನ್ನುತ್ತಿದ್ದ. ಜನ ಕುಲ್ಫಿಯ ಜೊತೆ ಮಾತನ್ನೂ ಚೀಪಿಕೊಂಡು ಹೋಗುತ್ತಿದ್ದರು.

ಬಿಎಸ್ಸಿ ಮೊದಲ ವರ್ಷದಲ್ಲಿದ್ದ ಮಗಳು ಮದಿಹಾ ಕೆಮಿಸ್ಟ್ರಿ ಪ್ರಾಜೆಕ್ಟಿಗೆ ಆ ಗಡಿಗೆಯನ್ನೇ ಆರಿಸಿಕೊಂಡಾಗ ಬಾಬಾಜಾನನ ಎದೆ ಎರಡು ಮೊಳ ಉಬ್ಬಿತು. ಅವಳ ಮುಂದಿನ ಮಾತಿಗೆ ಅರ್ಧ ಮೊಳ ಇಳಿಯಿತು.

"ಅಬ್ಬಾ, ಎಷ್ಟು ಐಸಿಗೆ ಎಷ್ಟು ಉಪ್ಪು? ಪುಸ್ತಕದಾಗ ಮೂರು ಪಾಲಿಗೆ ಒಂದು ಪಾಲು ಅಂತ ಐತಿ."

"ಪುಸ್ತಕ ಬರದಾಂವ ಯಾವ ಬಸ್ ಸ್ಟ್ಯಾಂಡಿನಾಗ ಕುಲ್ಫಿ ಮಾರ್ಯಾನ? ಒಂದ ಮುಷ್ಟಿ ಅಂತ ಬರಿ."

"ಖರೇನ?"

"ನಿಮ್ಮಪ್ಪನ ಮಾತಿಗೆ ಖರೇನ ಅಂತಿ?"

ಮದಿಹಾ ಪುಸ್ತಕ ಮುಚ್ಚಿ, ಗಡಿಗೆ ಹಿಡಿಯುವ ಐದು ಕಿಲೋ ಐಸಿಗೆ ಒಂದು ಮುಷ್ಟಿ ಎಂದು ದುಂಡಗೆ ಬರೆದುಕೊಂಡಳು. ಬಾಬಾಜಾನ ಏನೋ ಹೇಳಹೊರಟ. ಆದರೆ ಕೈಯಲ್ಲಿದ್ದ ಮೆಣಸಿನಕಾಯಿ ಭಜಿಯನ್ನೇ ಬಾಯಿಗೆ ತುರುಕಿಕೊಂಡ.

ಪ್ರಾಜೆಕ್ಟಿನ ದಿನ ಕಾಲೇಜಿನ ಲ್ಯಾಬು ತುಂಬಿತ್ತು. ಗಡಿಗೆ ಹೊತ್ತುಕೊಂಡು ಬಾಬಾಜಾನನೂ ಬಂದಿದ್ದ. ಹುಲಗೂರಿನಲ್ಲಿ ಮಗಳ ಮನೆಯಲ್ಲಿದ್ದ ಬಾಬಾಜಾನನ ತಾಯಿ ರಹಿಮಾಬಿ ಮೊಮ್ಮಗಳನ್ನು ನೋಡಲೆಂದು ಮುಂಜಾನೆಯ ಬಸ್ಸಿಗೇ ಬಂದು, ಮೂಲೆಯ ಸ್ಟೂಲಿನ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಳು. ಅಂಕ ಕೊಡಲು ಹಾನಗಲ್ಲಿನಿಂದ ಕರಬಸಪ್ಪ ಸರ್ ಬಂದಿದ್ದರು. ಕ್ಲಾಸಿನ ಜಯಶ್ರೀ ಮೇಡಂ ಮೊದಲೇ ಹೇಳಿದ್ದರು: ಕುಲ್ಫಿ ಗಟ್ಟಿಯಾದರೆ ಮಾರ್ಕ್ಸು, ಇಲ್ಲದಿದ್ದರೆ ಪ್ರಾಜೆಕ್ಟು ಫೇಲು.

ಮದಿಹಾ ಐಸಿನ ತುಂಡು ಜೋಡಿಸಿ, ಡಬ್ಬಿ ಹುಗಿದು, ಒಂದು ಮುಷ್ಟಿ ಉಪ್ಪು ಹಾಕಿ, ಥರ್ಮಾಮೀಟರ್ ಇಳಿಬಿಟ್ಟಳು. ಬಾಬಾಜಾನ ಗಡಿಗೆ ತಿರುವಿದ. ಎಂಥ ತಿರುವು! ಇಡೀ ಸವಣೂರೇ ಅದರ ಜೊತೆ ಎರಡು ಸುತ್ತು ತಿರುಗಿತು. ಥರ್ಮಾಮೀಟರಿನ ಪಾರಾ ಸೊನ್ನೆಗೆ ಬಂತು, ಮೈನಸ್ ಒಂದು, ಮೈನಸ್ ಎರಡು. ಅಲ್ಲಿ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತೇಬಿಟ್ಟಿತು. ಅರ್ಧ ತಾಸಾದರೂ ಅಲ್ಲಾಡಲಿಲ್ಲ. ಒಂದು ಡಬ್ಬಿ ಬಿಚ್ಚಿದರೆ ಹಾಲು ಹಾಲಾಗಿಯೇ ಹರಿಯಿತು.

"ಚಾಚಾ, ಲೋಟಾ ತರ್ಲೇನ್ರಿ?" ಹಿಂದಿನ ಬೆಂಚಿನಿಂದ ಹಾಲೇಶ ಅನ್ನುವ ಹುಡುಗ ಕೂಗಿದ. ಲ್ಯಾಬು ನಕ್ಕಿತು.

"ಥರ್ಮಾಮೀಟರಿಗೆ ಕುಲ್ಫಿ ಗೊತ್ತಿಲ್ರಿ," ಬಾಬಾಜಾನ ಸೋಲಲಿಲ್ಲ. "ಅದು ಜ್ವರಾ ನೋಡೋ ಸಾಮಾನು. ಕೆಟ್ಟಿರಬೇಕು."

ಜಯಶ್ರೀ ಮೇಡಂ ಒಂದು ಬೀಕರಿನಲ್ಲಿ ಬರೀ ಐಸು, ನೀರು ಹಾಕಿ ಥರ್ಮಾಮೀಟರ್ ಇಟ್ಟರು. ಪಾರಾ ಸೊನ್ನೆಗೆ ಬಂದು ಸುಮ್ಮನೆ ನಿಂತಿತು. "ಇದು ಸುಳ್ಳು ಹೇಳಂಗಿಲ್ಲ ಚಾಚಾ."

ಕರಬಸಪ್ಪ ಸರ್ ಪೆನ್ನಿನ ಮುಚ್ಚಳ ತೆಗೆದರು. "ಸಕ್ಕರಿ ಹಾಕಿದ ಹಾಲು ಮೈನಸ್ ಎರಡಕ್ಕ ಗಟ್ಟಿ ಆಗಂಗಿಲ್ಲವ್ವಾ. ಈ ಅಳತಿ ಎಲ್ಲಿಂದ ತಂದಿ?"

ಮದಿಹಾ ಅಪ್ಪನ ಕಡೆ ನೋಡಲಿಲ್ಲ. "ನಂದ ತಪ್ಪು ಸರ್. ನಾನ ತಪ್ಪು ಬರಕೊಂಡೆ."

ಬಾಬಾಜಾನ ಬಗ್ಗಿ, ಸರಿಯಾಗಿಯೇ ಇದ್ದ ಗಡಿಗೆಯ ಅರಿವೆಯನ್ನು ಮತ್ತೆ ಸುತ್ತತೊಡಗಿದ.

ಮೂಲೆಯಲ್ಲಿ ಸ್ಟೂಲು ಕಿರ್ರೆಂದಿತು. "ಉಪ್ಪು ಎಲ್ಲೈತಿ?" ರಹಿಮಾಬಿ ಸೆರಗು ಸಿಗಿಸಿಕೊಂಡು ಎದ್ದಿದ್ದಳು. "ಇಷ್ಟಿಷ್ಟು ದೊಡ್ಡ ಕಲ್ಲಿಟ್ರ ಐಸು ನಾಳಿ ತನಕ ಕರಗಂಗಿಲ್ಲ. ಗೋಣಿಚೀಲದಾಗ ಹಾಕ್ರಿ. ಕುಟ್ರಿ. ಕಡ್ಲಿಕಾಳಿನಷ್ಟು ಆಗ್ಬೇಕು."

"ಸರ್, ಇನ್ನೊಂದು ಸಲ ಮಾಡ್ಲೇನ್ರಿ?" ಮದಿಹಾ ಕೇಳಿದಳು. ಕರಬಸಪ್ಪ ಸರ್ ಗಡಿಯಾರ ನೋಡಿ, ಮುದುಕಿಯನ್ನು ನೋಡಿ, ಹೂಂ ಅಂದರು.

ಹಾಲೇಶನೇ ಚೀಲ ಕುಟ್ಟಿದ. ಮೂರು ಡಬರಿ ಐಸಿಗೆ ಒಂದು ಡಬರಿ ಉಪ್ಪನ್ನು ರಹಿಮಾಬಿ ಪದರಪದರವಾಗಿ ಹಾಕಿದಳು. ಕರಗಿದ ನೀರು ಚೆಲ್ಲಲು ಹೋದ ಮಗನ ಕೈಗೆ ಪಟ್ಟನೆ ಹೊಡೆದಳು. "ಅದ ಉಪ್ಪುನೀರಿನಾಗ ತಂಪಿರೋದು ಮಂಗ್ಯಾ!"

ಪಾರಾ ಮೈನಸ್ ಐದು ದಾಟಿತು, ಹತ್ತು ದಾಟಿತು. ಗಡಿಗೆಯ ಕಂಠದ ಸುತ್ತ ಹಿಮ ಕಟ್ಟಿ ಬೆಳ್ಳಗಾಯಿತು. ಮದಿಹಾಳಿಗೆ ದನಿ ಬಂತು.

"ಐಸಿನಾಗ ನೀರಿನ ಅಣುಗಳು ಒಂದರ ಕೈ ಒಂದು ಹಿಡಕೊಂಡು ಕುಂತಿರ್ತಾವ ಸರ್, ಹೈಡ್ರೋಜನ್ ಬಂಧ. ಮ್ಯಾಲಿನ ಒಂದಿಷ್ಟು ಕೈ ಬಿಟ್ಟು ಹೊರಗ ಬರ್ತಾವ, ಮತ್ತ ಒಳಗ ಹೋಗ್ತಾವ. ಉಪ್ಪು ಹಾಕಿದ್ರ ಅದರ ಅಯಾನುಗಳು ಹೊರಗ ಬಂದವನ್ನ ಸುತ್ತ ಹಿಡಕೊಂಡು ಕುಂತುಬಿಡ್ತಾವ. ವಾಪಸ್ ಹೋಗೋವು ಕಡಿಮಿ. ಹಂಗಾಗಿ ಸೊನ್ನಿಕ್ಕಿಂತ ಕೆಳಗೂ ಐಸು ಕರಗತೈತಿ. ಕರಗಾಕ ಶಾಖ ಬೇಕಲ್ರಿ, ಅದನ್ನ ನಮ್ಮ ಹಾಲಿನಿಂದ ಎಳಕೋತೈತಿ."

"ಕುಟ್ಟಿದ್ದು ಯಾಕ?" ಕರಬಸಪ್ಪ ಸರ್ ಕೇಳಿದರು.

"ಸಣ್ಣ ಮಾಡಿದಷ್ಟು ಮೈ ಜಾಸ್ತಿ. ಉಪ್ಪಿಗೆ ಮುಟ್ಟಾಕ ಜಾಗಾ ಜಾಸ್ತಿ. ಕರಗೋ ವೇಗ ಜಾಸ್ತಿ."

"ಹಂಗ ಹೇಳು," ಎಂದಳು ರಹಿಮಾಬಿ, ತಾನೇ ಪಾಠ ಹೇಳಿಕೊಟ್ಟವಳಂತೆ.

ಮುಕ್ಕಾಲು ತಾಸಿಗೆ ಪಾರಾ ಮೈನಸ್ ಹದಿನೇಳರಲ್ಲಿತ್ತು. ಡಬ್ಬಿ ಬಿಚ್ಚಿ ಬೋರಲು ಹಾಕಿದರೆ ಕುಲ್ಫಿ ಟಣ್ಣೆಂದು ತಟ್ಟೆಗೆ ಬಿತ್ತು. ಲ್ಯಾಬಿನಲ್ಲಿ ಚಪ್ಪಾಳೆ. ಕರಬಸಪ್ಪ ಸರ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದರು. ಆಮೇಲೆ ಕಣ್ಣು ತೆರೆದು ರೆಕಾರ್ಡು ಎಳೆದುಕೊಂಡರು.

"ಕುಲ್ಫಿ ಪಾಸ್. ವಿವರಣೆ ಚೊಲೊ ಐತಿ. ಆದ್ರ ಅಳತಿ ತಪ್ಪು ಬರಕೊಂಡೆ ಅಂತ ನೀನ ಒಪ್ಪಿಕೊಂಡಿ. ಅದಕ್ಕ ಐದು ಮಾರ್ಕ್ಸ್ ಕಡಿಮಿ."

ಮದಿಹಾ ತಲೆಯಾಡಿಸಿದಳು. ಬಾಬಾಜಾನನ ತಲೆಯಲ್ಲಿ ಆ ಹೊತ್ತಿಗೆ ಏಳು ಸುಳ್ಳುಗಳು ಸಾಲಾಗಿ ನಿಂತು ಸಲಾಂ ಹೊಡೆಯುತ್ತಿದ್ದವು. ಮೊದಲನೆಯದು ತುಂಬ ಚೆಂದವಾಗಿತ್ತು. ಮಗಳನ್ನು ಪರೀಕ್ಷೆ ಮಾಡಲಿಕ್ಕೆ ಬೇಕಂತಲೇ ತಪ್ಪು ಹೇಳಿದೆ ಎನ್ನುವುದು. ಅದಿನ್ನೂ ನಾಲಿಗೆಯ ಮೇಲೆ ಹತ್ತುತ್ತಿರುವಾಗ ರಹಿಮಾಬಿ ಅವನತ್ತ ನೋಡಿದಳು. "ಏ ಬಾಬಾ, ನಿನ್ನ ಮೂಟಿ ಹುಡುಗಿ ಯಾಕ ಹೊರಬೇಕು?"

"ತಡೀರಿ ಸರ್." ಬಾಬಾಜಾನ ಪೆನ್ನಿನ ಮೇಲೆ ಕೈ ಇಟ್ಟುಬಿಟ್ಟ. "ಐದು ಕಡಿಬ್ಯಾಡ್ರಿ. ಆಕಿ ಬರಕೊಂಡಿದ್ದು ಬರೋಬ್ಬರಿ ಐತಿ. ಹೇಳಿದ್ದು ನಾನು."

"ಮತ್ತ ನೀವು ದಿನಾ ಒಂದ ಮುಷ್ಟಿ ಹಾಕಿ ಹೆಂಗ ಮಾಡ್ತೀರಿ?"

"ಮಾಡಂಗಿಲ್ರಿ."

ಬಾಬಾಜಾನ ಕೆಂಪು ಅರಿವೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಮೊದ್ಲಿಂದ್ಲೂ ಐಸು, ಉಪ್ಪು ಹಾಕ್ತಿದ್ದಾಕಿ ನಮ್ಮವ್ವ. ನಾ ಗಡಿಗಿ ತಿರುವ್ತಿದ್ದೆ, ಗಾಡಿ ದೂಕ್ತಿದ್ದೆ, ಮಾತಾಡ್ತಿದ್ದೆ. ಎಷ್ಟು ಹಾಕ್ತಾಳ ಅಂತ ಒಂದಿನಾನೂ ನೋಡ್ಲಿಲ್ಲ. ಆಕಿ ಮೊಣಕಾಲು ಸೋತು ಹುಲಗೂರಿಗೆ ಹೋಗಿ ನಾಕು ವರ್ಷ ಆತು. ಅವತ್ತಿಂದ ಕುಲ್ಫಿ ಗಟ್ಟಿ ಆಗೋದು ಶಿಗ್ಗಾವಿಯಾಗ, ನನ್ನ ಹೆಂಡ್ತಿ ಅಣ್ಣನ ಡೀಪ್ ಫ್ರೀಜರಿನಾಗ. ಗಟ್ಟಿ ಆದ ಡಬ್ಬಿ ಮಗಳಿಗೂ ಗೊತ್ತಾಗದಂಗ ತಂದು ಗಡಿಗಿಯೊಳಗ ಇಟ್ಟು ತಿರುವಿದಂಗ ಮಾಡ್ತೇನಿ. ಆ ಒಂದ ಮುಷ್ಟಿ ಉಪ್ಪು ಬರೇ ಮಂದಿ ನೋಡ್ಲಿ ಅಂತ ಉದುರ್ಸೋದ್ರಿ."

ಆಮೇಲೆ ಮದಿಹಾಳ ಕಡೆ ತಿರುಗಿದ. ದನಿ ಇಳಿದಿತ್ತು.

"ಪುಸ್ತಕ ಮುಚ್ಚಿ ನನ್ನ ಮಾತು ಬರಕೊಂಡ್ಯಲ್ಲವ್ವಾ, ಆವಾಗ ಖರೇ ಹೇಳ್ಬೇಕಂತ ಮಾಡಿದ್ದೆ. ಅಷ್ಟು ನಂಬಿದ್ದು ನೋಡಿ ಖುಷಿ ಆತು. ಅದಕ್ಕ ಸುಮ್ಮನಾದೆ."