ಇಸ್ತ್ರಿಪೆಟ್ಟಿಗೆ ಇಟ್ಟಷ್ಟು ಹೊತ್ತು

೧.
ಎಲ್ಲಿಂದ ಶುರುಮಾಡಲಿ, ಓದುಗರೇ? ‘ಆಕೆ ಮೊಬೈಲಿನ ಮುಂದೆ ಕೂತು ಅರಬ್ಬಿ ಮಾತಾಡಿದಳು’ ಎಂದು ಬರೆದೆ. ಹೊಡೆದುಹಾಕಿದೆ. ಮೊದಲ ಸಾಲಿಗೇ ಮೊಬೈಲ್ ತಂದರೆ ಕತೆಗಾರನ ಮರ್ಯಾದೆ ಏನಾಗಬೇಕು?

ಮತ್ತೆ ೧.
ಆಕೆ ಟೈಲರಮ್ಮ. ಗಂಡ ದೂರದ ಅರಬ್ಬಿ ಊರೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ. ‘ನಿನ್ನನ್ನ ಇಲ್ಲಿಗೆ ಕರೆಸ್ಕೊಳ್ತೀನಿ, ಅಷ್ಟರಲ್ಲಿ ಮಾತು ಕಲ್ತಿರು’ ಎಂದು, ಕೆಲಸ ಮಾಡುತ್ತಲೇ ಅರಬ್ಬಿ ವಾಕ್ಯಗಳನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಿದ್ದ. ಆಕೆ ಹೊಲಿಗೆ ಮೆಷಿನ್ ತುಳಿಯುತ್ತ ಗಿಣಿಪಾಠ ಒಪ್ಪಿಸುತ್ತಿದ್ದಳು. ಎಂಟು ತಿಂಗಳ ಹಿಂದೆ ಅವನು ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದು ತೀರಿಹೋದ. ಆಗ ಹತ್ತಿರವಿದ್ದದ್ದು ಲಾಂಡ್ರಿಯ ಮುದುಕ ಯಜಮಾನ ಒಬ್ಬನೇ. ಅವನಿಗೆ ಅರಬ್ಬಿ ಬಿಟ್ಟರೆ ಬೇರೆ ಮಾತು ಬಾರದು. ಆಕೆಗೆ ಅವನನ್ನು ಒಂದೇ ಒಂದು ಮಾತು ಕೇಳಬೇಕಿದೆ: ‘ಕೊನೇಲಿ ಅವರು ಏನಂದ್ರು?’

(ದುಭಾಷಿಯೊಬ್ಬನನ್ನು ಕರೆತಂದೆ. ‘ಈ ಮಾತನ್ನ ಬೇರೆಯವರ ಬಾಯಲ್ಲಿ ಕೇಳಿಸ್ಲಾ?’ ಎಂದು ಆಕೆ ನನ್ನನ್ನೇ ಗದರಿದಳು. ಎರಡು ಪುಟ ಬುಟ್ಟಿಗೆ ಹೋಯಿತು.)

೨.
ಆ ಪ್ರಶ್ನೆಯನ್ನು ಅರಬ್ಬಿಯಲ್ಲಿ ಕಲಿಯಲೆಂದು ಮಗಳು ಭಾಷೆ ಕಲಿಸುವ ಆ್ಯಪ್ ಹಾಕಿಕೊಟ್ಟಳು. ಮಾತಾಡಿದರೆ ತೆರೆಯ ಮೇಲೆ ಗೆರೆ ಮೂಡುತ್ತದೆ. ಸರಿಯಿದ್ದಲ್ಲಿ ಹಸಿರು, ತಪ್ಪಿದಲ್ಲಿ ಕೆಂಪು. ಉಚ್ಚಾರಣೆಯೆಲ್ಲ ಹದಕ್ಕೆ ಬಂತು. ಆದರೆ ವಾಕ್ಯದ ನಟ್ಟನಡುವೆ ಮಾತ್ರ ದಿನವೂ ಕೆಂಪು. ‘ಇಲ್ಲಿ ನಿಲ್ಲಬೇಡಿ. ಮತ್ತೊಮ್ಮೆ ಪ್ರಯತ್ನಿಸಿ.’ ಮೂರು ವಾರ ಇದೇ ರಾಮಾಯಣ.

‘ಉಸಿರು ಸಾಲ್ತಿಲ್ವೇನಮ್ಮಾ?’

‘ಉಸಿರಿಗೇನೂ ಆಗಿಲ್ಲ ಕಣೇ. ಬಾಯಿ ತಾನಾಗೇ ನಿಂತ್ಬಿಡುತ್ತೆ.’

೪.
(ಮೂರರಲ್ಲಿ ವೇದಾಂತ ಕೊರೆದಿದ್ದೆ. ಹರಿದೆ. ನೀವು ಪಾರಾದಿರಿ.)

ಮಗಳಿಗೆ ಏನನ್ನಿಸಿತೋ, ಅಪ್ಪನ ಹಳೇ ಮೆಸೇಜೊಂದನ್ನು ಆ್ಯಪಿಗೆ ಕೇಳಿಸಿದಳು. ಅಲ್ಲೂ ನಡುವೆ ಕೆಂಪು. ಇನ್ನೊಂದು ಕೇಳಿಸಿದಳು, ಕೆಂಪು. ಸೌಂಡ್ ಜೋರು ಮಾಡಿದರೆ, ಆ ಖಾಲಿ ಜಾಗದಲ್ಲಿ ಧಪ್ಪೆಂದು ಇಸ್ತ್ರಿಪೆಟ್ಟಿಗೆ ಇಟ್ಟ ಸದ್ದು, ಅಂಗಿ ಮಗುಚುವ ಸರಬರ. ಆಮೇಲೆ ಮಿಕ್ಕ ಅರ್ಧ ವಾಕ್ಯ. ಅಂಗಿ ಮಗುಚುವಷ್ಟು ಹೊತ್ತನ್ನೂ ಆಕೆ ಬಾಯಿಪಾಠ ಮಾಡಿಕೊಂಡಿದ್ದಳು!

ಆಕೆ ಅವತ್ತು ಮೆಷಿನ್ ತುಳಿಯಲಿಲ್ಲ. ಅವನು ಬೇಕೆನಿಸಿತು. ಅದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ಅಂತ್ಯ, ಒಂದು:
ಆಕೆ ತಪ್ಪು ತಿದ್ದಿಕೊಳ್ಳುತ್ತಾಳೆ. ಪೂರಾ ಹಸಿರು. ಲಾಂಡ್ರಿ ಯಜಮಾನ ಸಮಾಧಾನದ ನಾಲ್ಕು ಮಾತು ಹೇಳಿ ಫೋನ್ ಇಡುತ್ತಾನೆ.

ಅಂತ್ಯ, ಇನ್ನೊಂದು:
ತಿದ್ದಿಕೊಳ್ಳುವುದಿಲ್ಲ. ಆಕೆ ಗಂಡನಂತೆಯೇ ನಡುವೆ ನಿಂತದ್ದು ಕೇಳಿ ಯಜಮಾನನಿಗೆ ಅಳು ಬರುತ್ತದೆ. ಕೊನೆಗೆ ಗಂಡ ಆಡಿದ್ದು ಆಕೆಯ ಹೆಸರು ಎನ್ನುತ್ತಾನೆ.

‘ಹೆಸರಾ?’ ಆಕೆ ಕತ್ತರಿ ಕೆಳಗಿಟ್ಟಳು. ‘ಹದಿನೆಂಟು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ. “ಇವಳೇ” ಅನ್ನೋರು. ಗೊತ್ತಿಲ್ಲ ಅಂದ್ಮೇಲೆ ಸುಮ್ನಿರಿ ಸಾರ್.’

ಎರಡೂ ಅಂತ್ಯ ಹೊಡೆದುಹಾಕಿದೆ. ಅವನ ಕೊನೆಯ ಮಾತು ನನ್ನ ಹತ್ತಿರ ಇಲ್ಲ, ಇದ್ದಂತೆ ನಟಿಸಿದ್ದೆ.

೫.
ಆಕೆ ಆ್ಯಪ್ ಮುಚ್ಚಿ ಲಾಂಡ್ರಿಯ ನಂಬರ್ ಒತ್ತಿದಳು. ಅತ್ತ ಮುದುಕನ ದನಿ. ಆಕೆ ಅರ್ಧ ಪ್ರಶ್ನೆ ಕೇಳಿದಳು. ಬಾಯಿ ಎಂದಿನಂತೆ ನಿಂತಿತು. ಆ ಬಿಡುವಿನಲ್ಲಿ, ಅತ್ತ ಕಡೆಯಿಂದ, ಯಾರೋ ಧಪ್ಪೆಂದು ಇಸ್ತ್ರಿಪೆಟ್ಟಿಗೆ ಇಟ್ಟದ್ದು ಕೇಳಿಸಿತು.

ಗಂಡನ ಮೇಜಿಗೆ ಬೇರೆಯವನು ಬಂದಿದ್ದಾನೆ. ಮಿಕ್ಕರ್ಧ ಪ್ರಶ್ನೆ ಇನ್ನೂ ಆಕೆಯ ಬಾಯಲ್ಲೇ ಇದೆ. ಮುಂದೇನು ಎಂದು ನನ್ನನ್ನು ಕೇಳಬೇಡಿ, ಆಕೆಯನ್ನೂ ಅವಸರಪಡಿಸಬೇಡಿ. ಅಂಗಿ ಮಗುಚುವಷ್ಟು ಹೊತ್ತು ಕೊಡಿ.